ಊವಾಸ್ ಕ್ಯಾನ್ಯನ್ ಕೌಂಟಿ ಪಾರ್ಕ್: ಬುಕಿಂಗ್ ಮಾಡಿಕೊಂಡೇ ಹೊರಡಿ

ಕ್ಯಾಲಿಫೋರ್ನಿಯಾದ ಮಾರ್ಗನ್ ಹಿಲ್ ಪಟ್ಟಣದ ಪಶ್ಚಿಮಕ್ಕೆ, ಸಾಂತಾ ಕ್ರೂಜ್ ಬೆಟ್ಟಸಾಲಿನಲ್ಲಿ ಅಡಗಿರುವ ಈ ಪುಟ್ಟ ಉದ್ಯಾನಕ್ಕೆ ಕಳೆದ ಫೆಬ್ರವರಿಯ ಒಂದು ಶನಿವಾರ, ಊರಿನಿಂದ ಬಂದಿದ್ದ ತಾಯಿಯವರನ್ನು ಕರೆದುಕೊಂಡು ಹೋಗಿದ್ದೆವು. ಸಾಂತಾ ಕ್ಲಾರಾ ಕೌಂಟಿಯ ಇತರ ಉದ್ಯಾನಗಳಂತೆ ವಾಹನಕ್ಕೆ ಶುಲ್ಕ ಕೊಟ್ಟರೆ ಸಾಲದು, ವಾರಾಂತ್ಯದಲ್ಲಿ ಹೋಗುವವರು ವಾಹನ ನಿಲುಗಡೆಯ ಜಾಗವನ್ನೂ ಮೊದಲೇ ಕಾಯ್ದಿರಿಸಬೇಕು. ಇದೇಕಿಷ್ಟು ಬಿಗಿ ಎಂದು ನನಗೂ ಅನಿಸಿತ್ತು. ಆದರೆ ಕಿರಿದಾದ ಕ್ರಾಯ್ ರಸ್ತೆಯಲ್ಲಿ ಎದುರಿಗೆ ಒಂದು ವಾಹನ ಬಂದೊಡನೆ ಆ ಅನಿಸಿಕೆ ಹೋಯಿತು. ರಸ್ತೆಯ ಕೊನೆಯ ಭಾಗವು ಸ್ವೀಡಿಷ್ ಮೂಲದವರು 1926ರಲ್ಲಿ ಕೊಂಡುಕೊಂಡ ಸ್ವೇಡಾಲ್ ಎಂಬ ಖಾಸಗಿ ನೆಲೆಯ ಮನೆಗಳ ನಡುವೆಯೇ ಹಾದುಹೋಗುತ್ತದೆ. ಅಲ್ಲಿ ವಾಹನವನ್ನು ತೀರ ನಿಧಾನವಾಗಿ ಓಡಿಸಬೇಕು, ನಿಲ್ಲಿಸಲಂತೂ ಕೂಡದು.

ಕಣಿವೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದಿಲ್ಲ. ಬುಕಿಂಗ್ ಚೀಟಿಯನ್ನು ಫೋನಿನಲ್ಲಿ ಉಳಿಸಿಕೊಳ್ಳದೆ ಹೋಗಿದ್ದ ನಾನು, ಅದನ್ನು ತೆರೆಯುವುದಕ್ಕಾಗಿ ಬಂದ ದಾರಿಯಲ್ಲೇ ಹಲವು ಮೈಲಿ ಹಿಂದಿರುಗಬೇಕಾಯಿತು. ತಪ್ಪು ನನ್ನದೇ.

ಜಲಪಾತಗಳ ಸುತ್ತುಹಾದಿ ಸುಮಾರು ಒಂದು ಮೈಲಿ. ಸ್ವಾನ್ಸನ್ ತೊರೆಯ ಬದಿಯಲ್ಲಿ, ಸಣ್ಣ ಸೇತುವೆಗಳನ್ನು ದಾಟುತ್ತ, ಗ್ರನೂಹಾ, ಬ್ಲ್ಯಾಕ್ ರಾಕ್, ಬೇಸಿನ್, ಅಪ್ಪರ್ ಎಂಬ ಹೆಸರಿನ ಜಲಪಾತಗಳನ್ನು ನೋಡಬಹುದು. ಜೋಗವನ್ನು ಕಂಡವರು ಇವನ್ನು ಜಲಪಾತವೆಂದು ಒಪ್ಪುವುದು ಕಷ್ಟ. ಆದರೂ ಬ್ಲ್ಯಾಕ್ ರಾಕ್‌ನಲ್ಲಿ ಪಾಚಿ ಹಿಡಿದ ಕಪ್ಪು ಬಂಡೆಯ ಮೇಲೆ ನೀರು ಎಳೆಎಳೆಯಾಗಿ ಇಳಿಯುವುದನ್ನು ನೋಡುತ್ತ ನಮ್ಮ ತಾಯಿ ಬಹಳ ಹೊತ್ತು ಮಾತಿಲ್ಲದೆ ನಿಂತಿದ್ದರು. ಮಳೆಗಾಲ ಇಲ್ಲಿ ಚಳಿಗಾಲದಲ್ಲೇ ಬರುವುದರಿಂದ ಜನವರಿಯಿಂದ ಮಾರ್ಚ್‌ವರೆಗೆ ಹೋಗುವುದು ಒಳ್ಳೆಯದು. ಬೇಸಿಗೆಯ ಕೊನೆಗೆ ಹೋದವರಿಗೆ ಒದ್ದೆ ಬಂಡೆಯಷ್ಟೇ ಸಿಕ್ಕೀತು.

ಹಾದಿ ಬಿಟ್ಟು ಇಳಿಯಬಾರದೆಂಬ ನಿಯಮವನ್ನು ಮಕ್ಕಳಿಗೆ ಮನದಟ್ಟು ಮಾಡಿಸಿಯೇ ಕರೆದೊಯ್ಯಿರಿ. ಅಂಚಿನಲ್ಲೆಲ್ಲ ಪಾಯ್ಸನ್ ಓಕ್ ಬೆಳೆದಿರುತ್ತದೆ. ಮೂರು ಮೂರು ಎಲೆಗಳ ಈ ಗಿಡ ನಮ್ಮ ಗೇರು, ಮಾವುಗಳ ಕುಟುಂಬಕ್ಕೇ ಸೇರಿದ್ದು. ಹಸಿ ಗೇರುಬೀಜದ ಸಿಪ್ಪೆಯ ಸೊನೆ ತಾಗಿ ಚರ್ಮ ಸುಟ್ಟುಕೊಂಡವರಿಗೆ ಇದರ ಉಪದ್ರವವನ್ನು ಬೇರೆ ವಿವರಿಸಬೇಕಾಗಿಲ್ಲ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿಯಾಗಿರುವಾಗಲೂ ಅದರ ಸೊನೆ ತುರಿಕೆ ತರುತ್ತದೆ. ನಾಯಿಯನ್ನು ಕರೆದೊಯ್ಯಬಹುದು, ಹಗ್ಗ ಆರು ಅಡಿಗಿಂತ ಉದ್ದವಿರಬಾರದು.

ಉದ್ಯಾನದಿಂದ ಗಿಡ, ಕಲ್ಲು ಏನನ್ನೂ ಒಯ್ಯುವಂತಿಲ್ಲ. ನಮ್ಮ ತಾಯಿ ತೊರೆಯ ಅಂಚಿನಲ್ಲಿ ನುಣುಪಾದ ಕಪ್ಪು ಕಲ್ಲೊಂದನ್ನು ಎತ್ತಿಕೊಂಡು, ಸಾಲಿಗ್ರಾಮದಂತಿದೆ ಎಂದು ಸೆರಗಿನಲ್ಲಿ ಒರೆಸಿ ಕೈಚೀಲಕ್ಕೆ ಹಾಕಿಕೊಂಡರು. ನಿಯಮವನ್ನು ಹೇಳಿದ ಮೇಲೆ, ಎತ್ತಿದ ಜಾಗವನ್ನೇ ಹುಡುಕಿ, ಮೊದಲಿದ್ದಂತೆಯೇ ಮಗ್ಗುಲು ತಿರುಗಿಸಿ ಇಟ್ಟರು. ಬಳಿಕ ಪಿಕ್ನಿಕ್ ಮೇಜಿನ ಮೇಲೆ ಪುಳಿಯೋಗರೆಯ ಡಬ್ಬಿ ತೆರೆದೆವು.