ಕಬ್ಬಿಣದ ಮಾತ್ರೆಯೋ, ಡ್ರಿಪ್ಪೋ?

ರಕ್ತಹೀನತೆ ಇದೆ, ಫೆರಿಟಿನ್ (ಮೈಯೊಳಗಿನ ಕಬ್ಬಿಣದ ದಾಸ್ತಾನು ತೋರಿಸುವ ರಕ್ತಪರೀಕ್ಷೆ) ಕೂಡ ಕಡಿಮೆ ಬಂದಿದೆ ಅಂದರೆ ಹೆಚ್ಚಿನವರಿಗೆ ಮೊದಲು ಮಾತ್ರೆಯೇ ಸರಿ. ಬೆಲೆ ಕಡಿಮೆ. ಮಲ ಕಪ್ಪಗಾಗುತ್ತದೆ, ಹೆದರಬೇಡಿ. ಮಲಬದ್ಧತೆ, ಹೊಟ್ಟೆ ತೊಳಸುವುದು ಜಾಸ್ತಿಯಾದರೆ ದಿನ ಬಿಟ್ಟು ದಿನ ತೆಗೆದುಕೊಳ್ಳಬಹುದಾ ಎಂದು ಡಾಕ್ಟರನ್ನು ಕೇಳಿ. ಕಾಫಿ, ಟೀ ಜೊತೆ ಮಾತ್ರ ಬೇಡವೇ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ನಿಂಬೆ ಶರಬತ್ತು ಒಳ್ಳೆಯದು. ಹೆಂಗಸರು ಹಿಮೋಗ್ಲೋಬಿನ್ 12 ದಾಟಿತು ಅಂತ ಸುಮ್ನೆ ನಿಲ್ಲಿಸಿಬಿಡುತ್ತಾರೆ, ಅಲ್ವಾ? ಮೈಯೊಳಗಿನ ದಾಸ್ತಾನು ತುಂಬಲು ಆಮೇಲೂ ಸುಮಾರು 3 ತಿಂಗಳು ಬೇಕು.

ಡ್ರಿಪ್ ದುಬಾರಿ. ಆದರೆ ಮಾತ್ರೆ ಒಗ್ಗದವರಿಗೆ, ಹೆರಿಗೆ ಹತ್ತಿರ ಬಂದವರಿಗೆ ನಾನು ಅದನ್ನೇ ಹೇಳುತ್ತೇನೆ. ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಎಂಬ ಡ್ರಿಪ್ ಔಷಧಿ ಆದರೆ 1000 ಮಿ.ಗ್ರಾಂವರೆಗೆ ಸುಮಾರು 15 ನಿಮಿಷದಲ್ಲಿ ಹೋಗುತ್ತದೆ. ಅಪರೂಪಕ್ಕೆ ಜೋರು ಅಲರ್ಜಿ ಆಗಬಹುದು, ಆಸ್ಪತ್ರೆಯಲ್ಲೇ ಹಾಕಿಸಿಕೊಳ್ಳಿ.