ಸ್ಟೀಲ್ ಚೈನ್, ಬಟ್ಟೆ ಸಾಕ್ಸ್, ಪ್ಲಾಸ್ಟಿಕ್ ಪಟ್ಟಿ: ಹಿಮದಲ್ಲಿ ತಗ್ಗು ಗಾಡಿಗೆ ಯಾವುದು ಹೊಂದುತ್ತೆ?

ಹುಬ್ಬಳ್ಳಿ-ಧಾರವಾಡದಿಂದ ಸ್ವಂತ ಗಾಡಿಯಲ್ಲೇ ಮನಾಲಿಗೆ ಹೋಗುವವರು ಈಗ ಜಾಸ್ತಿ ಆಗಿದ್ದಾರೆ. ಮನಾಲಿ ಹತ್ತಿರದ ಸೋಲಂಗ್ ಕಣಿವೆಯಲ್ಲಿ ಸ್ಕೀ ಕಲಿಯುವ ಆಸೆ ಎಷ್ಟೋ ಜನರಿಗಿದೆ. ಹೊರಡುವ ಮುಂಚೆ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಹಿಮದಲ್ಲಿ ಜಾರದಂತೆ ಟೈರಿಗೆ ಯಾವ ಚೈನ್ ಹಾಕಬೇಕು? ಸಿಗುವ ಉತ್ತರಗಳೆಲ್ಲ ಥಾರ್ ಇದ್ದವರದ್ದು, ಇಲ್ಲವೇ ಆಲ್ಟೊ ಇದ್ದವರದ್ದು. ನೆಲಕ್ಕೆ ಹತ್ತಿರ ಇರುವ, ಅಗಲ ಟೈರಿನ, ಜೋರಾದ ಇಂಜಿನಿನ ಗಾಡಿಗೆ ಆ ಉತ್ತರಗಳು ಹೊಂದುವುದಿಲ್ಲ.

ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್, 2017ರ ಮಾಡೆಲ್. 2 ಲೀಟರ್ ಟರ್ಬೊ ಪೆಟ್ರೋಲ್, 230 ಅಶ್ವಶಕ್ತಿ, 350 ನ್ಯೂಟನ್ ಮೀಟರ್ ಟಾರ್ಕ್. ಆ ಶಕ್ತಿಯೆಲ್ಲ ಹೋಗುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಈ ಗಾಡಿಗೇ ನಾಲ್ಕು ಬಗೆ ಹಾಕಿ ನೋಡಿದ್ದೇನೆ. ಮನಾಲಿ ರಸ್ತೆ ಬದಿಯಲ್ಲಿ ಬಾಡಿಗೆಗೆ ಸಿಗುವ ದಪ್ಪ ಚೈನ್, ಸ್ವಂತಕ್ಕೆ ತರಿಸಿದ, ಟೈರಿನಿಂದ 9 ಎಂಎಂ ಮಾತ್ರ ಎದ್ದು ನಿಲ್ಲುವ ತೆಳು ಚೈನ್, ಟೈರಿಗೆ ಕವರಿನ ಹಾಗೆ ತೊಡಿಸುವ ಬಟ್ಟೆಯ ಸಾಕ್ಸ್, ಪ್ಲಾಸ್ಟಿಕ್ ಪಟ್ಟಿ. ಮೊದಲೇ ಹೇಳಿಬಿಡುತ್ತೇನೆ, ಡಿಕ್ಕಿಯಲ್ಲಿ ಉಳಿಯಬೇಕಾದದ್ದು ತೆಳು ಚೈನ್ ಮತ್ತು ಸಾಕ್ಸ್. ಉಳಿದೆರಡನ್ನು ಇಂಥ ಗಾಡಿಗೆ ನಾನು ಯಾರಿಗೂ ಹೇಳುವುದಿಲ್ಲ.

ಯಾವ ಚೈನ್ ಜಾಸ್ತಿ ಹಿಡಿಯುತ್ತೆ ಅನ್ನುವುದಕ್ಕಿಂತ ಮೊದಲು ನೋಡಬೇಕಾದದ್ದು ಸಂದು. ಸ್ಟೇರಿಂಗನ್ನು ಪೂರ್ತಿ ಒಂದು ಕಡೆ ತಿರುಗಿಸಿ. ಮೊಬೈಲ್ ಟಾರ್ಚ್ ಹಾಕಿ ಮುಂದಿನ ಚಕ್ರದ ಒಳಬದಿ ಇಣುಕಿ ನೋಡಿ. ಟೈರಿನ ಪಕ್ಕದಲ್ಲೇ ಶಾಕ್ ಅಬ್ಸಾರ್ಬರ್ ನಿಂತಿರುತ್ತೆ. ಅದರ ಹತ್ತಿರವೇ ಬ್ರೇಕಿನ ರಬ್ಬರ್ ಪೈಪು, ಎಬಿಎಸ್ ವೈರು. ನನ್ನ ಗಾಡಿಯಲ್ಲಿ ಟೈರಿಗೂ ಶಾಕ್ ಅಬ್ಸಾರ್ಬರಿಗೂ ನಡುವೆ ಕಿರುಬೆರಳು ತೂರಿಸಲೂ ಕಷ್ಟಪಡಬೇಕು. ಆಲ್ಟೊ, ಬೊಲೆರೊಗಳಲ್ಲಿ ಅಲ್ಲಿ ಧಾರಾಳ ಜಾಗ ಇರುತ್ತೆ. ಚೈನಿನ ಒಳಬದಿ ಹಗ್ಗ ಹಾದುಹೋಗುವುದು ಇದೇ ಸಂದಿನಲ್ಲಿ.

ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಚೈನಿನ ಪುಟ ಇರುತ್ತೆ, ಅದನ್ನು ಓದಲೇಬೇಕು. ಯಾವ ಅಳತೆಯ ಟೈರಿಗೆ ಹಾಕಬಹುದು, ಕೊಂಡಿ ಎಷ್ಟು ಎಂಎಂ ಮೀರಬಾರದು ಅಂತ ಬರೆದಿರುತ್ತಾರೆ. ಎಷ್ಟೋ ಸ್ಪೋರ್ಟ್ಸ್ ಗಾಡಿಗಳಲ್ಲಿ ದೊಡ್ಡ ರಿಮ್ ಇದ್ದರೆ ಚೈನೇ ಹಾಕಬೇಡಿ ಅಂತಲೂ ಇರುತ್ತೆ. ಆಗ ಒಂದಿಂಚು ಸಣ್ಣ ರಿಮ್‌ಗೆ ಇಳಿಯಬೇಕು. ಆ ಸಣ್ಣ ರಿಮ್ ದೊಡ್ಡ ಬ್ರೇಕ್ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಅಮುಕಿ ಹಿಡಿಯುವ ಭಾಗ) ಮೇಲೆ ಕೂರುತ್ತಾ ಅಂತಲೂ ನೋಡಿಕೊಳ್ಳಬೇಕು.

ಮೊದಲು ಬಾಡಿಗೆ ಚೈನ್. ಹಿಮ ಬಿದ್ದ ದಿನ ಮನಾಲಿಯಿಂದ ಮೇಲೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸುತ್ತಾರೆ. ಫೋರ್ ಬೈ ಫೋರ್, ಅಂದರೆ ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿ ಇದ್ದರೆ ಅಥವಾ ಚೈನ್ ಇದ್ದರೆ ಮಾತ್ರ ಮುಂದೆ. ಅಲ್ಲೇ ಪಕ್ಕದಲ್ಲಿ ಹುಡುಗರು ಗೋಣಿಚೀಲದಲ್ಲಿ ಚೈನ್ ಇಟ್ಟುಕೊಂಡು ನಿಂತಿರುತ್ತಾರೆ. ಏಣಿಯ ಮೆಟ್ಟಿಲಿನ ಹಾಗೆ ಅಡ್ಡಡ್ಡ ಕೊಂಡಿಗಳು. ಅಳತೆ ಅಂತ ಏನೂ ಇಲ್ಲ. "ಎಲ್ಲಾ ಗಾಡಿಗೂ ಆಗುತ್ತೆ ಸರ್" ಅಂತ ಒಬ್ಬ ಹುಡುಗ ಸರಸರ ಹಾಕಿಕೊಟ್ಟ. ಉಳಿದ ತುದಿಯನ್ನು ತಂತಿಯಿಂದ ಬಿಗಿದು, ಮೇಲೆ ಹಳೆ ಟ್ಯೂಬಿನ ಪಟ್ಟಿ ಎಳೆದು ಕಟ್ಟಿದ. ನೇರ ಹೋಗುವಾಗ ಚಲೋ ಇತ್ತು, ಹಿಡಿತವೂ ಇತ್ತು. ಮೊದಲ ದೊಡ್ಡ ತಿರುವಿನಲ್ಲಿ ಒಳಗಿನಿಂದ ಟಕ್ ಟಕ್ ಅಂತ ಸದ್ದು ಶುರುವಾಯಿತು. ಬದಿಗೆ ನಿಲ್ಲಿಸಿ ಬಿಚ್ಚಿಸಿದೆ. ಶಾಕ್ ಅಬ್ಸಾರ್ಬರಿನ ಕಪ್ಪು ಬಣ್ಣ ಕೆರೆದು, ಬೆರಳಗಲದ ಬಿಳಿ ಗೆರೆ ಹೊಳೆಯುತ್ತಿತ್ತು. ಬ್ರೇಕ್ ಪೈಪು ಅದರಿಂದ ಎರಡು ಬೆರಳು ದೂರದಲ್ಲಿತ್ತು.

ಆ ಹುಡುಗರನ್ನು ನಾನು ದೂರುವುದಿಲ್ಲ. ಅವರ ಊರಿನ ಗಾಡಿಗಳಿಗೆ ಅದೇ ಚೈನ್ ಇಡೀ ಚಳಿಗಾಲ ನಡೆಯುತ್ತೆ. ಆದರೆ ಏಣಿ ಮಾದರಿಗೆ ಇನ್ನೊಂದು ಕೊರತೆ ಇದೆ. ಮುಂದಕ್ಕೆ ಎಳೆಯುವಾಗ ಗಟ್ಟಿಯಾಗಿ ಹಿಡಿಯುತ್ತೆ, ತಿರುವಿನಲ್ಲಿ ಪಕ್ಕಕ್ಕೆ ಜಾರುವುದನ್ನು ಅಷ್ಟಾಗಿ ತಡೆಯುವುದಿಲ್ಲ. ಅಗಲ ಟೈರಿಗೆ ಇದು ಎದ್ದು ಕಾಣುತ್ತೆ.

ಆಮೇಲೆ ತರಿಸಿದ್ದು 9 ಎಂಎಂ ತೆಳು ಚೈನ್. ವಜ್ರಾಕಾರದ ಜಾಲ. ಟೈರು ಯಾವ ಕೋನದಲ್ಲಿ ನೆಲಕ್ಕೆ ತಾಗಿದರೂ ಒಂದಲ್ಲ ಒಂದು ಕೊಂಡಿ ಅಡ್ಡ ಬಿದ್ದಿರುತ್ತೆ. ಹಾಗಾಗಿ ಮುಂದಕ್ಕೂ ಹಿಡಿಯುತ್ತೆ, ಪಕ್ಕಕ್ಕೂ ಹಿಡಿಯುತ್ತೆ. ಟೈರಿನ ಪಕ್ಕದಲ್ಲಿ ಬರೆದಿರುವ ಅಳತೆ ನೋಡಿಯೇ ತರಿಸಬೇಕು. ನನ್ನದು 225/45 ಆರ್ 17, ಅಂದರೆ 225 ಎಂಎಂ ಅಗಲ, 17 ಇಂಚಿನ ರಿಮ್.

ಇದನ್ನು ಹಾಕುವುದನ್ನು ವಿದ್ಯಾನಗರದ ನಮ್ಮ ಮನೆಯ ಅಂಗಳದಲ್ಲೇ ಕಲಿತೆ. ಬಿಸಿಲಲ್ಲಿ ಕೂತು ಚಕ್ರಕ್ಕೆ ಸರಪಳಿ ಸುತ್ತುವುದನ್ನು ನೋಡಿ ಕಾಕಾ ಕೇಳಿದರು: "ಏನೋ ಇದು, ಗಾಡಿ ಎಲ್ಲೆ ಓಡಿ ಹೋಗತದಂತ ಕಟ್ಟಾಕ ಹತ್ತೀ?" "ಇಲ್ಲ ಕಾಕಾ, ಜಾರಬಾರದಂತ" ಅಂದೆ. ಆಮೇಲೆ ಅವರೇ ಮಂಡಿಯೂರಿ ಕೂತು ಇನ್ನೊಂದು ಚಕ್ರದ ಕೊಂಡಿ ಸಿಗಿಸಿದರು. ಹೀಗೆ ಕಲಿಯುವುದು ಅತಿ ಮುಖ್ಯ. ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ, ಒದ್ದೆ ಗ್ಲೌಸ್‌ನಲ್ಲಿ, ಹಿಂದಿನ ಗಾಡಿಗಳು ಹಾರ್ನ್ ಹೊಡೆಯುತ್ತಿರುವಾಗ ಒಳಬದಿಯ ಕೊಂಡಿ ಕಣ್ಣಿಗೆ ಕಾಣುವುದಿಲ್ಲ. ಕೈಗೇ ಗೊತ್ತಿರಬೇಕು. ಸ್ಪ್ರಿಂಗಿನಂಥ ಬಳೆಯನ್ನು ಟೈರಿನ ಹಿಂದಿನಿಂದ ತಂದು ಮೇಲ್ಗಡೆ ಕೊಂಡಿ ಹಾಕಬೇಕು. ಆಮೇಲೆ ಹೊರಬದಿಯ ಕೊಂಡಿ. ಕೊನೆಗೆ ಬಿಗಿ ಮಾಡುವ ಚೈನ್ ಎಳೆದು ಸಿಗಿಸಬೇಕು. ನೂರು ಮೀಟರಿನಷ್ಟು ಹೋಗಿ ನಿಲ್ಲಿಸಿ ಮತ್ತೊಮ್ಮೆ ಬಿಗಿ ಮಾಡಬೇಕು. ಈ ಎರಡನೇ ಬಿಗಿತ ಬಿಟ್ಟರೆ ಸಡಿಲಾದ ಚೈನ್ ಚಕ್ರದ ಮೇಲಿನ ಗೂಡಿಗೆ ಬಡಿಯುತ್ತೆ.

ಸೋಲಂಗ್ ದಾರಿಯಲ್ಲಿ ದೇವದಾರು ಮರಗಳ ನೆರಳಿರುವ ಕಡೆ ಬಿಸಿಲು ಬೀಳುವುದಿಲ್ಲ. ಹಗಲು ಕರಗಿದ ನೀರು ರಾತ್ರಿ ಗಟ್ಟಿಯಾಗಿ ಗಾಜಿನಂತಾಗಿರುತ್ತೆ. ಅಂಥ ಐಸ್ ಮೇಲೆ ಈ ನಾಲ್ಕರಲ್ಲಿ ಕಚ್ಚಿ ಹಿಡಿದದ್ದು ಸ್ಟೀಲ್ ಒಂದೇ. ಗಾಡಿಯೊಳಗೆ ಗಡಗಡ ಸದ್ದು, ಸ್ಟೇರಿಂಗ್ ನಡುಗುತ್ತೆ. ಚೈನ್ ಹಾಕಿದಾಗ ಗಂಟೆಗೆ 50 ಕಿಲೋಮೀಟರ್ ಮೀರಬಾರದು ಅನ್ನುತ್ತಾರೆ. ನಾನು 30ರ ಒಳಗೇ ಇರುತ್ತೇನೆ.

ಇಂಜಿನಿನ ಜೋರು ಇಲ್ಲಿ ಅಡ್ಡಿಯೇ ಆಗುತ್ತೆ. ಟರ್ಬೊ ಗಾಡಿಯಲ್ಲಿ ಟಾರ್ಕ್ ಕಡಿಮೆ ಆರ್‌ಪಿಎಂನಲ್ಲೇ ಒಮ್ಮೆಲೇ ಬರುತ್ತೆ. ಚಕ್ರ ಗಿರ್ರನೆ ತಿರುಗಿತು ಅಂದರೆ ಕೆಲಸ ಕೆಟ್ಟಿತು. ನವಲಗುಂದದ ಕಡೆ ಮಳೆಗಾಲದಲ್ಲಿ ಎರೆ ಹೊಲದ ದಾರಿಗೆ ಗಾಡಿ ಇಳಿಸಿದವರಿಗೆ ಇದು ಗೊತ್ತಿರುತ್ತೆ, ಒತ್ತಿದಷ್ಟೂ ಚಕ್ರ ತನ್ನ ಗುಂಡಿ ತಾನೇ ತೋಡಿಕೊಳ್ಳುತ್ತೆ. ಹಿಮದಲ್ಲೂ ಹಾಗೇ. ಜೊತೆಗೆ ತಿರುಗುವ ಚೈನ್ ಕೊಂಡಿ ತುಂಡಾಗುವ ಭಯ ಬೇರೆ. ಹೊರಡುವಾಗ ಪೆಡಲ್ ಮೇಲೆ ಕಾಲು ಇಟ್ಟೂ ಇಡದ ಹಾಗಿರಬೇಕು. ದಪ್ಪ ಹಿಮದಲ್ಲಿ ಗಾಡಿ ಕದಲದೇ ಇದ್ದರೆ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರಿದಾಗ ತಾನೇ ಶಕ್ತಿ ತಗ್ಗಿಸುವ ವ್ಯವಸ್ಥೆ) ಬಂದ್ ಮಾಡಿ ನಿಧಾನವಾಗಿ ಹೊರಡಿಸಿ. ಹೊರಟ ಮೇಲೆ ಮತ್ತೆ ಚಾಲೂ ಮಾಡಿ.

ಇನ್ನೊಂದು ಮಾತು, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಏರುವುದಕ್ಕಿಂತ ಇಳಿಯುವುದು ಅಪಾಯ. ಚೈನ್ ಇರುವುದು ಮುಂದಿನ ಎರಡು ಚಕ್ರಕ್ಕೆ ಮಾತ್ರ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಒತ್ತಿದರೆ ಮುಂಭಾಗ ನಿಲ್ಲುತ್ತೆ, ಹಿಂಭಾಗ ನಿಲ್ಲುವುದಿಲ್ಲ. ಅದು ಬೀಸಿಕೊಂಡು ಪಕ್ಕಕ್ಕೆ ಬರುತ್ತೆ. ನನ್ನ ಗಾಡಿಯ ಹಿಂಭಾಗ ಹಾಗೆ ಸರಿದಾಗ ಹಿಂದಿನ ಸೀಟಿನಲ್ಲಿದ್ದ ವೈನಿ ಬಾಗಿಲಿನ ಹಿಡಿ ಬಿಟ್ಟಿದ್ದು ಮನಾಲಿ ಬಂದ ಮೇಲೆಯೇ. ತಿರುವು ಬರುವ ಮುಂಚೆಯೇ ನೇರ ರಸ್ತೆಯಲ್ಲಿ ವೇಗ ಇಳಿಸಿಬಿಡಿ. ಕೆಳಗಿನ ಗೇರಿನಲ್ಲೇ ಇಳಿಯಿರಿ. ತಿರುವಿನೊಳಗೆ ಬ್ರೇಕ್ ಮುಟ್ಟಬೇಡಿ.

ಬಟ್ಟೆಯ ಸಾಕ್ಸ್ ಬಗ್ಗೆ ನನಗೆ ಮೊದಲು ನಂಬಿಕೆ ಇರಲಿಲ್ಲ. ಕೈಯಲ್ಲಿ ಹಿಡಿದರೆ ದಪ್ಪ ಬಟ್ಟೆಯ ಚೀಲದ ಹಾಗೆ, ಮಡಚಿದರೆ ಸೀಟಿನ ಕೆಳಗೆ ಹೋಗುತ್ತೆ. ನಾರ್ವೆಯ ಆಟೋಸಾಕ್ ಇದರಲ್ಲಿ ಹೆಸರುವಾಸಿ. ಯುರೋಪಿನಲ್ಲಿ ಇಂಥ ಸಾಕ್ಸ್‌ಗೂ ಇಎನ್ 16662-1 ಅನ್ನುವ ಮಾನದಂಡ ಇದೆ. ಅರ್ಧ ಟೈರಿಗೆ ಎಳೆದು, ಗಾಡಿಯನ್ನು ಅರ್ಧ ಸುತ್ತು ಮುಂದೆ ತಂದು, ಉಳಿದರ್ಧ ಎಳೆದರೆ ಮುಗಿಯಿತು. ಸ್ವಲ್ಪ ದೂರ ಹೋದರೆ ತಾನೇ ನಡುಮಧ್ಯಕ್ಕೆ ಬಂದು ಕೂರುತ್ತೆ. ಒಳಬದಿ ಬರುವುದು ಬಟ್ಟೆ, ಎಲಾಸ್ಟಿಕ್ ಅಷ್ಟೇ. ಶಾಕ್ ಅಬ್ಸಾರ್ಬರಿಗೆ ಭಯವಿಲ್ಲ, ಅಲಾಯ್ ರಿಮ್‌ಗೆ ಗೀರು ಬೀಳುವುದಿಲ್ಲ. ಹೊಸದಾಗಿ ಬಿದ್ದ ಒಣ ಹಿಮದಲ್ಲಿ ಇದರ ಹಿಡಿತ ನೋಡಿ ನನಗೆ ಆಶ್ಚರ್ಯ ಆಯಿತು. ಬಟ್ಟೆಯ ನೂಲಿಗೆ ಹಿಮ ಅಂಟಿಕೊಳ್ಳುತ್ತೆ, ಹಿಮ ಹಿಮವನ್ನೇ ಹಿಡಿಯುತ್ತೆ.

ಕರಗಿ ಕೆಸರಾದ ಹಿಮದಲ್ಲಿ ಹಿಡಿತ ಕಡಿಮೆ, ಗಾಜಿನಂಥ ಐಸ್‌ನಲ್ಲಿ ಇನ್ನೂ ಕಡಿಮೆ. ಬರೀ ಡಾಂಬರಿನ ಮೇಲೆ ಓಡಿಸಿದರೆ ಸವೆದು ಹರಿಯುತ್ತೆ. ಮನಾಲಿಯ ಮೇಲಿನ ಅಟಲ್ ಸುರಂಗ ದಾಟಿ ಆಚೆಯ ಸಿಸ್ಸು ಊರಿಗೆ ಹೋಗುವವರಿಗೆ ಇದು ಮುಖ್ಯ. ಸುರಂಗ 9.02 ಕಿಲೋಮೀಟರ್ ಉದ್ದ, ಒಳಗೆ ಹಿಮ ಇರುವುದಿಲ್ಲ, ನಡುವೆ ನಿಲ್ಲಿಸುವಂತೆಯೂ ಇಲ್ಲ. ಈ ಕಡೆ ಬಿಚ್ಚಿ, ಆ ಕಡೆ ಮತ್ತೆ ಹಾಕಬೇಕು. ಸ್ಟೀಲಿನಲ್ಲಿ ಇದು ಸೊಂಟ ಮುರಿಯುವ ಕೆಲಸ. ಸಾಕ್ಸ್‌ನಲ್ಲಿ ಟೀ ಕುಡಿಯುವಷ್ಟರಲ್ಲಿ ಆಗುತ್ತೆ. ಆದರೆ ತಪಾಸಣೆಯಲ್ಲಿ ನಿಂತವರು ಕೇಳುವುದು ಚೈನ್. ಸಾಕ್ಸ್ ತೋರಿಸಿದಾಗ ಮುಟ್ಟಿ ನೋಡಿ "ಚೈನ್ ಎಲ್ಲಿ?" ಅಂದರು. ಡಿಕ್ಕಿ ತೆಗೆದು ಸ್ಟೀಲ್ ತೋರಿಸಿದ ಮೇಲೆ ಬಿಟ್ಟರು.

ಪ್ಲಾಸ್ಟಿಕ್ ಪಟ್ಟಿಗೆ ಹೆಚ್ಚು ಮಾತು ಬೇಡ. ಅಗ್ಗ, ಆನ್‌ಲೈನ್‌ನಲ್ಲಿ ಸುಲಭವಾಗಿ ಸಿಗುತ್ತೆ. ರಿಮ್ಮಿನ ಕಡ್ಡಿಗಳ ನಡುವೆ ತೂರಿಸಿ ಟೈರಿಗೆ ಸುತ್ತಿ ಬಿಗಿಯಬೇಕು. ಇಂಥ ಗಾಡಿಗಳಲ್ಲಿ ಬ್ರೇಕ್ ಡಿಸ್ಕ್, ಕ್ಯಾಲಿಪರ್ ದೊಡ್ಡವು, ರಿಮ್ಮಿಗೆ ಅಂಟಿಕೊಂಡೇ ಇರುತ್ತವೆ. ಪಟ್ಟಿ ಹೋಗುವುದು ಅದೇ ಜಾಗದಲ್ಲಿ. ಜಾಕ್ ಹಾಕಿ ಚಕ್ರವನ್ನು ಕೈಯಲ್ಲಿ ತಿರುಗಿಸಿದಾಗಲೇ ಕ್ಯಾಲಿಪರಿಗೆ ಉಜ್ಜಿತು. ತೆಳ್ಳಗಿನ ಇನ್ನೊಂದು ಜೊತೆ ಕೂತಿತು, ಆದರೆ ಚಳಿಗೆ ಪ್ಲಾಸ್ಟಿಕ್ ಗಡುಸಾಗಿ ಏರಿನ ಅರ್ಧದಲ್ಲೇ ಒಂದು ಪಟ್ಟಿ ಲಟಕ್ಕನೆ ಮುರಿಯಿತು. ಕೆಸರಲ್ಲಿ ಸಿಕ್ಕ ಗಾಡಿಯನ್ನು ಹತ್ತು ಅಡಿ ಈಚೆ ತರಲು ಆದೀತು, ಘಟ್ಟ ಹತ್ತಲು ಬೇಡ.

ವಿಂಟರ್ ಟೈರ್ ಹಾಕಬಾರದಾ ಅಂತ ಕೇಳಬಹುದು. ನಮ್ಮ ಮಾಮೂಲಿ ಟೈರಿನ ರಬ್ಬರ್ 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತೆ. ವಿಂಟರ್ ಟೈರ್ ಮೆದುವಾಗೇ ಇರುತ್ತೆ, ನಾಲ್ಕೂ ಚಕ್ರ ಒಂದೇ ಸಮ ಹಿಡಿಯುತ್ತವೆ. ಅಲ್ಲಿಯೇ ಇರುವವರಿಗೆ ಅದಕ್ಕಿಂತ ಚಲೋ ಇಲ್ಲ. ಹುಬ್ಬಳ್ಳಿಯಿಂದ 2,000 ಕಿಲೋಮೀಟರಿಗೂ ಜಾಸ್ತಿ ಬೆಚ್ಚಗಿನ ಡಾಂಬರಿನ ಮೇಲೆ ಅದನ್ನು ಸವೆಸುತ್ತಾ ಹೋಗುವುದು ನಮಗೆ ಲೆಕ್ಕಕ್ಕೆ ಬರುವುದಿಲ್ಲ. ಹೊರಡುವ ಮುಂಚೆ ಇಂಜಿನ್ ತಣ್ಣಗಿಡುವ ಕೂಲಂಟ್ ಮಾತ್ರ ನೋಡಿಸಿ. ಕಡಿಮೆಯಾದಾಗ ನಲ್ಲಿ ನೀರು ಸುರಿಯುವ ರೂಢಿ ನಮ್ಮ ಕಡೆ ಇದೆ. ಆ ನೀರು ಅಲ್ಲಿ ಹೆಪ್ಪುಗಟ್ಟಿದರೆ ಇಂಜಿನ್ ಬ್ಲಾಕೇ ಬಿರುಕು ಬಿಡಬಹುದು.

ಈಗ ನಾನು ಮಾಡುವುದು ಹೀಗೆ. ಒಣ ಹಿಮ, ಸಣ್ಣ ದೂರ ಅಂದರೆ ಸಾಕ್ಸ್. ರಾತ್ರಿ ಹೆಪ್ಪುಗಟ್ಟಿ ಬೆಳಗ್ಗೆ ಐಸ್ ಆಗಿದ್ದರೆ ತೆಳು ಚೈನ್. ಹಿಮ ಬಂಪರಿನ ಮಟ್ಟಕ್ಕೆ ಬಿದ್ದಿದ್ದರೆ ಎರಡೂ ಬೇಡ. ಗಾಡಿಯ ಹೊಟ್ಟೆ ಹಿಮದ ಮೇಲೆ ಕೂತರೆ ಯಾವ ಚೈನೂ ಎಳೆಯುವುದಿಲ್ಲ. ಅಂಥ ದಿನ ಗಾಡಿಯನ್ನು ಮನಾಲಿಯಲ್ಲೇ ಬಿಟ್ಟು, ಅಲ್ಲಿನ ಫೋರ್ ಬೈ ಫೋರ್ ಟ್ಯಾಕ್ಸಿ ಹಿಡಿದು ಸ್ಕೀ ಆಡಲು ಹೋಗುತ್ತೇವೆ.

ಬಿಎಂಡಬ್ಲ್ಯೂ ಥರ ಹಿಂದಿನ ಚಕ್ರ ತಳ್ಳುವ ಗಾಡಿ ಇದ್ದವರು ಚೈನ್ ಹಾಕಬೇಕಾದದ್ದು ಹಿಂದಿನ ಚಕ್ರಕ್ಕೆ. ಆಗ ಏರುವುದು ಸುಲಭ, ಆದರೆ ಸ್ಟೇರಿಂಗ್ ತಿರುಗಿಸಿದರೂ ಮುಂಭಾಗ ನೇರವೇ ಹೋಗುತ್ತೆ. ನಾಲ್ಕೂ ಚಕ್ರಕ್ಕೆ ಶಕ್ತಿ ಹೋಗುವ ಗಾಡಿಯಲ್ಲಿ ಯಾವ ಜೋಡಿಗೆ ಹಾಕಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬೇರೆ, ಪುಸ್ತಕ ನೋಡಿಯೇ ಹಾಕಿ. ಮನೆಗೆ ಬಂದ ಮೇಲೆ ಸ್ಟೀಲ್ ಚೈನನ್ನು ಸಿಹಿ ನೀರಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿ, ಸ್ವಲ್ಪ ಎಣ್ಣೆ ಸವರಿ ಇಡಿ. ಒದ್ದೆಯಾಗೇ ಡಬ್ಬಿಗೆ ತುಂಬಿದರೆ ಮುಂದಿನ ಚಳಿಗಾಲಕ್ಕೆ ಕೊಂಡಿಗಳೆಲ್ಲ ತುಕ್ಕು ಹಿಡಿದು ಬಿಗಿದುಕೊಂಡಿರುತ್ತವೆ.