ಒಂದು ಹಳೆಯ ಲ್ಯಾಪ್‌ಟಾಪ್, ಮೂರು ಲಿನಕ್ಸ್: ಮಿಂಟ್, ಡೆಬಿಯನ್, ಫೆಡೋರಾ

ಅಪ್ಪನ ಲ್ಯಾಪ್‌ಟಾಪ್ 2013ರದು. ಇಂಟೆಲ್‌ನ ಮೂರನೇ ತಲೆಮಾರಿನ ಐ3 ಪ್ರೊಸೆಸರ್, 4 ಜಿಬಿ ರ‍್ಯಾಮ್. ಕೀಲಿಮಣೆಯ ಮೇಲಿನ ಅಕ್ಷರಗಳು ಅರ್ಧ ಸವೆದಿವೆ, ಪರದೆ ಮಾತ್ರ ಇನ್ನೂ ಚೊಕ್ಕವಾಗಿದೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11 ಬಯಸುವ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಈ ಯಂತ್ರದಲ್ಲಿಲ್ಲ. ಪ್ರೊಸೆಸರ್ ಕೂಡ ಅದು ಒಪ್ಪುವುದಕ್ಕಿಂತ ಐದು ತಲೆಮಾರು ಹಳೆಯದು. ಚೆನ್ನಾಗಿ ಓಡುತ್ತಿರುವ ಯಂತ್ರವನ್ನು ಗುಜರಿಗೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಆದ್ದರಿಂದ ವಿಂಡೋಸ್ ಬದಲಿಗೆ ಬಳಸಬಹುದಾದ ಮುಕ್ತ ಕಾರ್ಯಾಚರಣಾ ವ್ಯವಸ್ಥೆ ಲಿನಕ್ಸ್‌ನ ಮೂರು ರೂಪಗಳಾದ ಮಿಂಟ್, ಡೆಬಿಯನ್ ಮತ್ತು ಫೆಡೋರಾಗಳನ್ನು ಒಂದಾದ ಮೇಲೊಂದರಂತೆ, ತಲಾ ಎರಡು ಮೂರು ವಾರ, ಇದರಲ್ಲಿ ಹಾಕಿ ಬಳಸಿದೆವು. ನಾನು ಸಂಜೆಯ ಹೊತ್ತು ಬಳಸುತ್ತಿದ್ದೆ, ಅಪ್ಪ ಹಗಲಿಡೀ.

ಶುರುಮಾಡುವ ಮೊದಲು ಹಾರ್ಡ್ ಡಿಸ್ಕ್ ತೆಗೆದು 240 ಜಿಬಿಯ ಎಸ್‌ಎಸ್‌ಡಿ ಹಾಕಿದೆ. ವೇಗದ ಮಾತಾದರೆ, ಮುಂದೆ ನಾನು ಹೇಳುವ ಎಲ್ಲ ವ್ಯತ್ಯಾಸಗಳಿಗಿಂತ ಇದೊಂದೇ ದೊಡ್ಡದು. ಹಳೆಯ ಯಂತ್ರ ಇರುವವರು ಯಾವ ಲಿನಕ್ಸ್ ಎಂದು ಯೋಚಿಸುವ ಮುನ್ನ ಇದನ್ನು ಮಾಡಿಕೊಳ್ಳಿ.

ಮೊದಲು ಹಾಕಿದ್ದು ಮಿಂಟ್ 22.2, ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪ್ ಇರುವ ಆವೃತ್ತಿ. ಪೆನ್‌ಡ್ರೈವ್‌ನಿಂದ ಎದ್ದು ನಿಂತಿತು. ಧ್ವನಿ, ಕ್ಯಾಮೆರಾ, ಪರದೆಯ ಬೆಳಕು ಎಲ್ಲವೂ ಸರಿ. ವೈ-ಫೈ ಮಾತ್ರ ಇಲ್ಲ. ಈ ಯಂತ್ರದೊಳಗಿನ ವೈ-ಫೈ ಚಿಪ್‌ಗೆ ಮುಕ್ತ ಡ್ರೈವರ್ (ಚಿಪ್ಪನ್ನು ನಡೆಸುವ ತಂತ್ರಾಂಶ) ಇಲ್ಲ. ತಯಾರಕರು ಕೊಟ್ಟ ಮುಚ್ಚಿದ ಡ್ರೈವರ್ ಒಂದೇ ಗತಿ. ಅದರ ಮೂಲ ಸಂಕೇತವನ್ನು ಹೊರಗಿನವರು ನೋಡುವಂತಿಲ್ಲ, ತಿದ್ದುವಂತಿಲ್ಲ. ಮಿಂಟ್‌ನ ಡ್ರೈವರ್ ಮ್ಯಾನೇಜರ್ ಇದನ್ನು ಗುರುತಿಸಿತು. ಇಂಟರ್ನೆಟ್ ಇಲ್ಲವೆಂದು ತಿಳಿದಾಗ ಪೆನ್‌ಡ್ರೈವನ್ನೇ ಮತ್ತೆ ಚುಚ್ಚಲು ಹೇಳಿ, ಅದರೊಳಗಿದ್ದ ಡ್ರೈವರನ್ನು ತೆಗೆದು ಕೂರಿಸಿತು. ಹತ್ತು ನಿಮಿಷದಲ್ಲಿ ಅಪ್ಪ ಪತ್ರಿಕೆ ಓದುತ್ತಿದ್ದರು.

ಡೆಬಿಯನ್ 13ರಲ್ಲಿ ಇದೇ ಕೆಲಸಕ್ಕೆ ಒಂದು ಇಡೀ ಸಂಜೆ ಹಿಡಿಯಿತು. ಅದರ ಹಿಂದಿನ ಕಾರಣ ತಿಳಿದ ಮೇಲೆ ನನಗೆ ಡೆಬಿಯನ್ ಮೇಲೆ ಬೇಸರವಲ್ಲ, ಗೌರವವೇ ಹೆಚ್ಚಾಯಿತು. 1993ರಲ್ಲಿ ಇಯಾನ್ ಮರ್ಡಾಕ್ ಆರಂಭಿಸಿದ ಈ ಯೋಜನೆಗೆ ಮಾಲೀಕರಿಲ್ಲ. ಲೋಕದ ಬೇರೆ ಬೇರೆ ಮೂಲೆಗಳಲ್ಲಿರುವ ಸ್ವಯಂಸೇವಕರು ಮತ ಹಾಕಿ ತೀರ್ಮಾನ ಮಾಡುತ್ತಾರೆ. 1997ರಲ್ಲಿ ಅವರು ಒಪ್ಪಿಕೊಂಡ ಸಾಮಾಜಿಕ ಒಪ್ಪಂದದ ಮೊದಲ ಮಾತೇ ಡೆಬಿಯನ್ ನೂರಕ್ಕೆ ನೂರು ಮುಕ್ತವಾಗಿ ಉಳಿಯುತ್ತದೆ ಎಂಬುದು. ಆದರೆ ಕಾಲ ಕಳೆದಂತೆ ವೈ-ಫೈ, ಗ್ರಾಫಿಕ್ಸ್, ಧ್ವನಿ ಚಿಪ್‌ಗಳು ತಮ್ಮ ತಮ್ಮ ಫರ್ಮ್‌ವೇರ್ ಇಲ್ಲದೆ ಎದ್ದೇಳದಂತಾದವು. ಹೊಸಬರು ಡೆಬಿಯನ್ ಹಾಕಲು ಹೋಗಿ ಮೊದಲ ಪರದೆಯಲ್ಲೇ ಸೋಲುತ್ತಿದ್ದರು. ಕೊನೆಗೆ 2022ರಲ್ಲಿ ಮತದಾನವಾಗಿ, 2023ರ ಡೆಬಿಯನ್ 12ರಿಂದ ಮುಕ್ತವಲ್ಲದ ಫರ್ಮ್‌ವೇರನ್ನು ಅಧಿಕೃತ ಇನ್‌ಸ್ಟಾಲರ್‌ನಲ್ಲೇ ಸೇರಿಸಲಾಯಿತು.

ಹಾಗಾದರೆ ನನಗೇಕೆ ತೊಂದರೆಯಾಯಿತು? ಫರ್ಮ್‌ವೇರ್ ಎಂದರೆ ಚಿಪ್‌ನೊಳಗೆ ಓಡುವ ಸಂಕೇತ. ನನ್ನ ಚಿಪ್‌ಗೆ ಬೇಕಾಗಿದ್ದು ಲಿನಕ್ಸ್‌ನ ತಿರುಳಾದ ಕರ್ನಲ್‌ನೊಳಗೇ ಕೂರುವ ಮುಚ್ಚಿದ ಡ್ರೈವರ್. ಆ ಮತದಾನ ಬಾಗಿಲು ತೆರೆದದ್ದು ಮೊದಲನೆಯದಕ್ಕೆ ಮಾತ್ರ. ಎರಡನೆಯದು ಇಂದಿಗೂ ಹೊರಗಿನ ವಿಭಾಗದಲ್ಲಿದೆ, ಅದನ್ನು ಬೇಕೆಂದವರೇ ತೆರೆದುಕೊಳ್ಳಬೇಕು. ಮೊಬೈಲನ್ನು ಯುಎಸ್‌ಬಿ ತಂತಿಯಲ್ಲಿ ಜೋಡಿಸಿ ಇಂಟರ್ನೆಟ್ ಪಡೆದೆ, ತಂತ್ರಾಂಶ ಸಿಗುವ ಭಂಡಾರಗಳ ಪಟ್ಟಿಯನ್ನು ಕೈಯಾರೆ ತಿದ್ದಿದೆ, ಕರ್ನಲ್ ಹೆಡರ್‌ಗಳನ್ನು ಇಳಿಸಿ ಡ್ರೈವರನ್ನು ಯಂತ್ರದಲ್ಲೇ ಕಂಪೈಲ್ ಮಾಡಿಸಿದೆ. ರಾತ್ರಿ ಹತ್ತಕ್ಕೆ ವೈ-ಫೈ ಬಂತು. ಬಂದದ್ದು ಮತ್ತೆ ಹೋಗಲಿಲ್ಲ. ಡೆಬಿಯನ್ 13 ಹೊರಟದ್ದು 6.12 ಕರ್ನಲ್ ಸರಣಿಯೊಂದಿಗೆ. ಭದ್ರತಾ ತಿದ್ದುಪಡಿಗಳು ಬಂದರೂ ಸರಣಿ ಬದಲಾಗುವುದಿಲ್ಲ. ಅಂದು ಹೊಂದಿದ ಡ್ರೈವರ್ ಇಂದೂ ಹೊಂದುತ್ತದೆ. ಡೆಬಿಯನ್ ಹಳೆಯದನ್ನೇ ಕಟ್ಟಿಕೊಂಡು ಕೂರುತ್ತದೆ ಎಂದು ದೂರುವವರು ಹಳೆಯ ಯಂತ್ರದ ಕಡೆಯಿಂದ ಒಮ್ಮೆ ನೋಡಬೇಕು.

ಒಂದು ಮಾತು: 32 ಬಿಟ್ ಪ್ರೊಸೆಸರ್‌ನ ನೆಟ್‌ಬುಕ್ ಇರುವವರಿಗೆ ಡೆಬಿಯನ್ 13 ಆಗುವುದಿಲ್ಲ. ಅವುಗಳಿಗೆ ಇನ್‌ಸ್ಟಾಲರ್ ಕೊಟ್ಟ ಕೊನೆಯ ಆವೃತ್ತಿ 12.

ಫೆಡೋರಾ 43 ಮೂರರಲ್ಲಿ ಅತ್ಯಂತ ಸುಂದರ. ಗ್ನೋಮ್ ಡೆಸ್ಕ್‌ಟಾಪ್, ಟಚ್‌ಪ್ಯಾಡ್ ಮೇಲೆ ಬೆರಳಾಡಿಸಿದರೆ ಜೊತೆಗೇ ಜಾರುವ ಪರದೆ. ಹನ್ನೆರಡು ವರ್ಷದ ಯಂತ್ರವೆಂದು ಅನ್ನಿಸಲೇ ಇಲ್ಲ. ಏನೂ ತೆರೆಯದೆ ಸುಮ್ಮನಿದ್ದಾಗಲೇ ಸುಮಾರು ಒಂದೂವರೆ ಜಿಬಿ ರ‍್ಯಾಮ್ ಬಳಸುತ್ತಿತ್ತು. ಡೆಬಿಯನ್ ಎಕ್ಸ್‌ಎಫ್‌ಸಿಇ ಇದರ ಅರ್ಧಕ್ಕಿಂತ ಕಡಿಮೆ, ಮಿಂಟ್ ಇವೆರಡರ ನಡುವೆ. ಆದರೂ ನಾಲ್ಕೈದು ಟ್ಯಾಬ್ ತೆರೆದಾಗ ಫೆಡೋರಾ ನಾನು ಹೆದರಿದಷ್ಟು ತಡವರಿಸಲಿಲ್ಲ, ಏಕೆಂದರೆ ಅದು ಝೆಡ್‌ರ‍್ಯಾಮ್ ಬಳಸುತ್ತದೆ: ರ‍್ಯಾಮ್ ತುಂಬುತ್ತಾ ಬಂದಾಗ ಡಿಸ್ಕಿಗೆ ಬರೆಯುವ ಬದಲು, ಅದರಲ್ಲಿರುವುದನ್ನೇ ಒತ್ತಿ ಕಿರಿದಾಗಿಸಿ ಅಲ್ಲೇ ಇಟ್ಟುಕೊಳ್ಳುತ್ತದೆ. 2020ರ ಫೆಡೋರಾ 33ರಿಂದ ಇದು ತಾನಾಗಿಯೇ ಇರುತ್ತದೆ. ಇದನ್ನು ಕಂಡು ನಾನು ಡೆಬಿಯನ್‌ನಲ್ಲೂ ಹಾಕಿಕೊಂಡೆ, ನಿಜವಾಗಿಯೂ ಉಪಯೋಗವಾಯಿತು.

ವೈ-ಫೈ? ಮುಚ್ಚಿದ ಡ್ರೈವರನ್ನು ಫೆಡೋರಾ ತನ್ನ ಭಂಡಾರದಲ್ಲಿ ಇಡುವುದಿಲ್ಲ. ಆರ್‌ಪಿಎಂ ಫ್ಯೂಷನ್ ಎಂಬ ಹೊರಗಿನ ಭಂಡಾರದಿಂದ ತರಬೇಕು. ಹಾಗೆ ತಂದು ಹಾಕಿದಾಗ ಓಡಿತು. ಎರಡನೇ ವಾರ ನವೀಕರಣದಲ್ಲಿ ಹೊಸ ಕರ್ನಲ್ ಬಂತು, ಆ ಡ್ರೈವರ್ ಅದಕ್ಕೆ ಹೊಂದಲಿಲ್ಲ, ವೈ-ಫೈ ಮಾಯವಾಯಿತು. ಅಂದು ಅಪ್ಪ ಮೊಮ್ಮಗಳಿಗೆ ವಿಡಿಯೊ ಕರೆ ಮಾಡಲು ಕೂತಿದ್ದರು. ಫೆಡೋರಾ ಹಿಂದಿನ ಕರ್ನಲ್‌ಗಳನ್ನು ಉಳಿಸಿಕೊಂಡಿರುವುದರಿಂದ, ಯಂತ್ರ ಶುರುವಾಗುವಾಗ ಬರುವ ಪಟ್ಟಿಯಲ್ಲಿ ಹಳೆಯದನ್ನು ಆರಿಸಿ ಎಂದು ಫೋನಿನಲ್ಲಿ ಹೇಳಿಕೊಟ್ಟೆ. ತಪ್ಪು ಫೆಡೋರಾದ್ದಲ್ಲ. ಕರ್ನಲ್‌ನೊಳಗಿರುವ ಮುಕ್ತ ಡ್ರೈವರ್ ಆಗಿದ್ದರೆ, ಕರ್ನಲ್ ಬದಲಿಸಿದವರೇ ಅದನ್ನೂ ತಿದ್ದುತ್ತಿದ್ದರು. ಮುಚ್ಚಿದ್ದನ್ನು ತಿದ್ದಲು ಅವರಿಗೆ ದಾರಿಯೇ ಇಲ್ಲ.

ಇಲ್ಲಿಗೆ ನನ್ನ ಹೋಲಿಕೆಯ ದಿಕ್ಕೇ ಬದಲಾಯಿತು. ಮೂರು ಲಿನಕ್ಸ್‌ಗಳನ್ನು ಅಳೆಯುತ್ತಿದ್ದೇನೆ ಎಂದುಕೊಂಡಿದ್ದೆ. ನಿಜಕ್ಕೂ ಅಳೆಯುತ್ತಿದ್ದುದು ಒಂದೇ ಮುಚ್ಚಿದ ಡ್ರೈವರಿನ ಎದುರು ಮೂವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು. ಮಿಂಟ್ ಒಳಗೆ ಕರೆಯುತ್ತದೆ, ಡೆಬಿಯನ್ ಹೊಸ್ತಿಲಲ್ಲಿ ನಿಲ್ಲಿಸಿ ನಮ್ಮನ್ನು ಕೇಳುತ್ತದೆ, ಫೆಡೋರಾ ಪಕ್ಕದ ಮನೆಯಲ್ಲಿ ಕೇಳಿ ಎನ್ನುತ್ತದೆ. ಈ ಜಗಳ ಲಿನಕ್ಸ್‌ಗಿಂತಲೂ ಹಳೆಯದು. 1980ರ ಸುಮಾರಿಗೆ ಎಂಐಟಿಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯಕ್ಕೆ ಬಂದ ಹೊಸ ಲೇಸರ್ ಪ್ರಿಂಟರಿನ ಮೂಲ ಸಂಕೇತ ಸಿಗದೆ, ಕಾಗದ ಸಿಕ್ಕಿಕೊಂಡರೆ ಎಲ್ಲರಿಗೂ ತಿಳಿಸುವ ಸಣ್ಣ ಸೌಲಭ್ಯವನ್ನೂ ಸೇರಿಸಲು ಅಲ್ಲಿನ ಪ್ರೋಗ್ರಾಮರ್ ರಿಚರ್ಡ್ ಸ್ಟಾಲ್‌ಮನ್‌ಗೆ ಆಗಲಿಲ್ಲ. 1983ರಲ್ಲಿ ಅವರು ಮುಕ್ತ ತಂತ್ರಾಂಶದ ಗ್ನೂ ಯೋಜನೆಯನ್ನು ಪ್ರಕಟಿಸುವುದಕ್ಕೆ ಹಿನ್ನೆಲೆಯಾದ ಕಹಿ ಅನುಭವಗಳಲ್ಲಿ ಅದೂ ಒಂದು.

ಮುಂದಿನ ಶನಿವಾರ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಅಥೆರಾಸ್ ಚಿಪ್‌ನ ಹಳೆಯ ವೈ-ಫೈ ಕಾರ್ಡ್ ತಂದೆ. ಬೆಲೆ ಕೆಲವೇ ನೂರು ರೂಪಾಯಿ. ಆ ಕಂಪನಿ 2008ರಲ್ಲಿ ಎಟಿಎಚ್9ಕೆ ಎಂಬ ಮುಕ್ತ ಡ್ರೈವರನ್ನು ತಾನೇ ಬಿಡುಗಡೆ ಮಾಡಿತು. ಅದೇ ವರ್ಷ ಅದು ಲಿನಕ್ಸ್ ಕರ್ನಲ್ ಸೇರಿತು. ಲ್ಯಾಪ್‌ಟಾಪ್ ಒಳಗೆ ಕೂರುವ ಈ ಕಾರ್ಡ್‌ಗಳಿಗೆ ಬೇರೆ ಫರ್ಮ್‌ವೇರ್ ಕೂಡ ಬೇಡ. ಕೆಲವು ಲ್ಯಾಪ್‌ಟಾಪ್‌ಗಳ ಬಯಾಸ್ (ಯಂತ್ರವನ್ನು ಎಬ್ಬಿಸುವ ಮೊದಲ ತಂತ್ರಾಂಶ) ಬೇರೆ ಕಾರ್ಡನ್ನು ಒಪ್ಪುವುದಿಲ್ಲ, ಆ ಅಳುಕು ಇತ್ತು. ನಮ್ಮದು ಒಪ್ಪಿತು. ಎರಡು ಸ್ಕ್ರೂ, ಎರಡು ಆಂಟೆನಾ ತಂತಿ, ಅಷ್ಟೇ ಕೆಲಸ. ಮತ್ತೆ ಮೂರೂ ಪೆನ್‌ಡ್ರೈವ್‌ಗಳನ್ನು ಚುಚ್ಚಿ ನೋಡಿದೆ. ಮೂರರಲ್ಲೂ ಪರದೆ ಬಂದೊಡನೆ ಮನೆಯ ವೈ-ಫೈ ಹೆಸರು ಕಂಡಿತು. ಅಷ್ಟು ವಾರಗಳ ವ್ಯತ್ಯಾಸ ಒಂದು ಬೆರಳಗಲದ ಕಾರ್ಡಿನಲ್ಲಿ ಕರಗಿಹೋಯಿತು.

ಕನ್ನಡದ ಮಟ್ಟಿಗೆ ಮೂರೂ ಸಮ, ಅದು ನನಗೆ ಅತ್ಯಂತ ಸಂತೋಷ ಕೊಟ್ಟ ಸಂಗತಿ. ಒತ್ತಕ್ಷರಗಳನ್ನು ಜೋಡಿಸುವ ಹಾರ್ಫ್‌ಬಜ್ ಮೂರರಲ್ಲೂ ಒಂದೇ ಆದ್ದರಿಂದ ಎಲ್ಲೂ ಅಕ್ಷರ ಒಡೆಯಲಿಲ್ಲ. ಕೀಲಿಮಣೆಯ ಪಟ್ಟಿಯಲ್ಲಿ ‘ಕಗಪ’ ವಿನ್ಯಾಸ ಮೊದಲೇ ಇದೆ. ಕೆ.ಪಿ. ರಾವ್ ಅವರ ಚಿಂತನೆಯಿಂದ ಬಂದು, ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಮೂಲಕ ನಮ್ಮ ಕಚೇರಿಗಳಲ್ಲಿ ನೆಲೆಯೂರಿದ ವಿನ್ಯಾಸ ಇದು. ನಿವೃತ್ತಿಗೆ ಮುಂಚೆ ಶಾಲೆಯ ಕಚೇರಿಯಲ್ಲಿ ‘ನುಡಿ’ ಕಲಿತಿದ್ದ ಅಪ್ಪನ ಬೆರಳು ಅರ್ಧಾಕ್ಷರಕ್ಕೆ ತಾನಾಗಿ ಎಫ್ ಕೀಲಿಗೆ ಹೋಯಿತು. “ಇದನ್ನೂ ಯಾರೋ ಪುಣ್ಯಾತ್ಮರು ಸೇರಿಸಿದ್ದಾರಲ್ಲ” ಎಂದರು. ಡೆಬಿಯನ್ ಭಂಡಾರದಲ್ಲಿ ಗುಬ್ಬಿ, ನವಿಲು ಎಂಬ ಮುಕ್ತ ಕನ್ನಡ ಫಾಂಟ್‌ಗಳೂ ಸಿಗುತ್ತವೆ; ದೀರ್ಘ ಓದಿಗೆ ನನಗೆ ಗುಬ್ಬಿಯೇ ಇಷ್ಟ.

ಕಾರ್ಡ್ ಬದಲಾದ ಮೇಲೂ ಒಂದನ್ನು ಆರಿಸಲೇಬೇಕಿತ್ತು. ಅಪ್ಪನ ಯಂತ್ರದಲ್ಲಿ ಈಗ ಮಿಂಟ್ ಇದೆ: 2029ರವರೆಗೆ ಬೆಂಬಲ, ಕೆಟ್ಟರೆ ನಿನ್ನೆಯ ಸ್ಥಿತಿಗೆ ಮರಳಿಸುವ ಟೈಮ್‌ಶಿಫ್ಟ್, ಗಾಬರಿಪಡಿಸದ ನವೀಕರಣ ಪರದೆ. ಫೆಡೋರಾದ ಒಂದು ಆವೃತ್ತಿಗೆ ಸುಮಾರು ಹದಿಮೂರು ತಿಂಗಳಷ್ಟೇ ಬೆಂಬಲ. ನಾನು ಊರಿಗೆ ಹೋಗುವುದು ವರ್ಷಕ್ಕೆ ಎರಡು ಸಲ, ಹಾಗಾಗಿ ಅದು ಹೊಂದುವುದಿಲ್ಲ. ಹೊಚ್ಚ ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಮಾತ್ರ ನಾನು ಮೊದಲು ಹೇಳುವುದು ಫೆಡೋರಾವನ್ನೇ, ಹೊಸ ಯಂತ್ರಾಂಶಕ್ಕೆ ಹೊಸ ಕರ್ನಲ್ ಬೇಕು. ನನ್ನ ಸ್ವಂತ ಯಂತ್ರಕ್ಕೆ ಡೆಬಿಯನ್ ಹಾಕಿಕೊಂಡೆ. ಒಳಗೆ ಬರುವ ಪ್ರತಿಯೊಂದರ ಬಗ್ಗೆಯೂ ಅದು ನನ್ನ ಒಪ್ಪಿಗೆ ಕೇಳಿದ ರೀತಿ ನನಗೆ ಹಿಡಿಸಿತು.

ಉಳಿದಿರುವುದು ಅಪ್ಪನ ಹಳೆಯ ಕಡತಗಳು. ಯುನಿಕೋಡ್‌ಗೆ ಮೊದಲಿನ ಫಾಂಟ್‌ನಲ್ಲಿ ಟೈಪಿಸಿದ್ದವು, ಲಿಬ್ರೆಆಫೀಸ್‌ನಲ್ಲಿ ತೆರೆದರೆ ಬರೀ ರೋಮನ್ ಚಿಹ್ನೆಗಳು. ಒಂದೊಂದಾಗಿ ಯುನಿಕೋಡ್‌ಗೆ ಪರಿವರ್ತಿಸಿ ಕಳುಹಿಸುತ್ತಿದ್ದೇನೆ. ಜಾರಿದ ಅರ್ಕಾವತ್ತುಗಳನ್ನು ಅವರು ಹುಡುಕಿ ತಿದ್ದುತ್ತಾರೆ. ನಲವತ್ತರಲ್ಲಿ ಹದಿನೇಳು ಮುಗಿದಿವೆ.